ಬಾಗಿಲು ತೆಗೆದೆ, ಹಾಕೋದು ಮರೆತೆ

ಮಾರ್ಚ್ 31ರ ಸಂಜೆ ಬೇಸಿಸ್ ಟೀಮಿನವರು, ಅಂದರೆ ಕಂಪನಿಯ ಬಿಲ್ಲು-ಲೆಕ್ಕ ನಡೆಯುವ ಎಸ್‌ಎಪಿ ಸಾಫ್ಟ್‌ವೇರಿನ ಸರ್ವರ್ ನೋಡಿಕೊಳ್ಳುವವರು, ಟೀಗೆ ಎದ್ದು ಹೋಗಬಾರದು. ನಾನು ಹೋದೆ. ಅರ್ಧ ಲೋಟ ಆಗಿತ್ತು, ನೆಲಮಂಗಲದ ಹೊಸ ಗೋಡೌನಿನಿಂದ ಫೋನ್. "ಸಾರ್, ಲಾಗಿನ್ ಆಗ್ತಿಲ್ಲ. ಲಾರಿ ಲೋಡ್ ಆಗಿ ನಿಂತಿದೆ, ಬಿಲ್ ಇವತ್ತಿನ ಡೇಟಲ್ಲೇ ಬೀಳ್ಬೇಕಂತೆ."

ಅವರ ಐಪಿಯನ್ನು ಬೆಳಿಗ್ಗೆ ನಾನೇ ಎಸ್‌ಎಪಿ ರೌಟರಿನ (ಎಸ್‌ಎಪಿಯ ಗೇಟಲ್ಲಿ ಕೂತ ಕಾವಲುಗಾರ ಪ್ರೋಗ್ರಾಂ) ರೌಟ್‌ಟ್ಯಾಬ್‌ಗೆ, ಅಂದರೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಅನ್ನುವ ಪಟ್ಟಿಯ ಫೈಲಿಗೆ, ಸೇರಿಸಿದ್ದೆ. ಹಾಗಾಗಿ ತಪ್ಪು ನನ್ನದಲ್ಲ ಅಂತ ಟಿಕೆಟನ್ನು ನೆಟ್‌ವರ್ಕ್ ಟೀಮಿಗೆ ತಳ್ಳಿದೆ. ರೌಟರಿನ 3299 ಪೋರ್ಟ್ ಓಪನ್ ಇದೆ ಅಂತ ಅವರು ವಾಪಸ್ ತಳ್ಳಿದರು. ಹೀಗೇ 40 ನಿಮಿಷ. ಬ್ರಿಡ್ಜ್ ಕಾಲ್‌ನಲ್ಲಿ 17 ಜನ ಸೇರಿದ್ದರು, ಮುಕ್ಕಾಲು ಜನ ಬಂದಿದ್ದು 'ಎನಿ ಅಪ್‌ಡೇಟ್?' ಕೇಳೋಕೆ.

ಗೋಡೌನಿನವರು ವಾಟ್ಸ್ಯಾಪಲ್ಲಿ ಸ್ಕ್ರೀನಿನ ಫೋಟೋ ಆಗಲೇ ಕಳಿಸಿದ್ದರು. ಓರೆ ಫೋಟೋ, ಅದರ ಮೇಲೆ ಟ್ಯೂಬ್‌ಲೈಟ್ ಬೆಳಕು. ನೋಡಿದ್ದೆ, ಓದಿರಲಿಲ್ಲ. ಹಿಗ್ಗಿಸಿ ಓದಿದರೆ 'ರೌಟ್ ಪರ್ಮಿಷನ್ ಡಿನೈಡ್', ಎರರ್ ನಂಬರ್ ಮೈನಸ್ 94. ಅದನ್ನು ಹೇಳುತ್ತಿದ್ದುದು ನೆಟ್‌ವರ್ಕ್ ಅಲ್ಲ, ನಮ್ಮ ರೌಟರೇ.

ಕೈ ನಡುಗುತ್ತಿತ್ತು. ಆ ಕಡೆಯಿಂದ ಲಾರಿ ಹಾರನ್ ಬೇರೆ. ಹುಡುಕುತ್ತಾ ಕೂರೋಕೆ ತಾಳ್ಮೆ ಇಲ್ಲದೆ ಆ ಪಟ್ಟಿಯ ಮೊದಲ ಸಾಲಿಗೆ 'ಪಿ ಸ್ಟಾರ್ ಸ್ಟಾರ್ ಸ್ಟಾರ್' ಹಾಕಿ, ಮೈನಸ್ ಎನ್ ಕಮಾಂಡ್ ಕೊಟ್ಟು ರೌಟರಿಗೆ ಮತ್ತೆ ಓದಿಸಿದೆ. ಯಾರು ಬೇಕಾದರೂ ಬನ್ನಿ, ಎಲ್ಲಿಗೆ ಬೇಕಾದರೂ ಹೋಗಿ. ಲಾಗಿನ್ ಆಯ್ತು, ಲಾರಿ ಹೊರಟಿತು, ಗ್ರೂಪಲ್ಲಿ ಮ್ಯಾನೇಜರು ಚಪ್ಪಾಳೆ ಇಮೋಜಿ ಹಾಕಿದರು. ನಾಳೆ ತೆಗೆದರಾಯ್ತು ಅಂದುಕೊಂಡು ಮನೆಗೆ ಹೋದೆ.

ಆ ನಾಳೆ 11 ದಿನ ಬರಲಿಲ್ಲ. ಬಂದಿದ್ದು ಆಡಿಟರ್. "ಇದು ಗೇಟ್‌ವೇನಾ, ಇಲ್ಲ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಾ?" ಅಂದರು. ಒಳಗೆ ಪಾಸ್‌ವರ್ಡ್ ಬೇಕೇ ಬೇಕಲ್ವಾ ಮೇಡಂ ಅಂದೆ. ಅವರು ನಕ್ಕ ರೀತಿ ಇನ್ನೂ ಚುಚ್ಚುತ್ತೆ.

ಅಸಲಿ ಕಾರಣ ಇಷ್ಟೇ. ರೌಟರ್ ಆ ಫೈಲನ್ನು ಮೇಲಿಂದ ಕೆಳಗೆ ಓದುತ್ತೆ, ಮೊದಲು ಹೊಂದಿದ ಸಾಲಿಗೇ ನಿಲ್ಲುತ್ತೆ. ನಾನು ಗೋಡೌನಿನ ಸಾಲನ್ನು ಉಳಿದವರನ್ನೆಲ್ಲ ತಡೆ ಅನ್ನುವ ಕೊನೆಯ 'ಡಿ ಸ್ಟಾರ್ ಸ್ಟಾರ್ ಸ್ಟಾರ್' ಸಾಲಿನ ಕೆಳಗೆ ಪೇಸ್ಟ್ ಮಾಡಿದ್ದೆ. ಅಲ್ಲಿವರೆಗೆ ಅದು ತಲುಪಲೇ ಇಲ್ಲ. ಒಂದು ವಾರ್ನಿಂಗೂ ಇಲ್ಲ ನೋಡಿ. ಮ್ಯಾನೇಜ್‌ಮೆಂಟ್ ಕಂಡುಕೊಂಡ ಪರಿಹಾರ ನಾಲ್ಕು ಸಹಿಯ ಚೇಂಜ್ ಫಾರ್ಮ್. ಸಹಿ ಹಾಕುವ ನಾಲ್ವರಲ್ಲಿ ಒಬ್ಬರೂ ಆ ಫೈಲ್ ತೆರೆದು ನೋಡಲ್ಲ.

ನಾನು ಆ ಡಿ ಸಾಲಿನ ಕೆಳಗೆ ಹ್ಯಾಷ್ ಹಾಕಿ 'ಇದರ ಕೆಳಗೆ ಏನೂ ಬರೀಬೇಡಿ' ಅಂತ ಕಾಮೆಂಟ್ ಬರೆದಿಟ್ಟೆ. ಹೋದ ವಾರ ನಮ್ಮ ಹೊಸ ಹುಡುಗ ಸರಿಯಾಗಿ ಅದರ ಕೆಳಗೇ ಒಂದು ಸಾಲು ಸೇರಿಸಿದ್ದ. ನಾಲ್ಕೂ ಸಹಿ ಆಗಿತ್ತು.