ಬುಧವಾರದ ಬೆಟ್ಟ

17 ನವೆಂಬರ್ 2024, ಭಾನುವಾರ
ರಾತ್ರಿ ಹತ್ತೂವರೆ, ಬಾಗಲಗುಂಟೆ

ಮೀನಖಂಡ ಹಿಡಿದುಕೊಂಡಿದೆ. ಮಗಳು ಊಟದ ತಟ್ಟೆಯ ಮುಂದೆಯೇ ತೂಕಡಿಸಿದಳು, ಎತ್ತಿಕೊಂಡು ಹೋಗಿ ಮಲಗಿಸಿದೆ. ಇವರು ನಡುಮನೆಯಲ್ಲಿ ಕೂತು ಬಾಡಿಗೆ, ಅಡ್ವಾನ್ಸು, ರೈಲ್ವೆ ಪಾಸು, ಶಾಲೆ ಫೀಸು ಎಂದು ಹಾಳೆಯ ಮೇಲೆ ಗೀಚುತ್ತಿದ್ದಾರೆ. ಇವತ್ತಿನದನ್ನು ಇವತ್ತೇ ಬರೆದಿಡಬೇಕು ಅನ್ನಿಸಿತು. ನಾಳೆ ಆಫೀಸಿಗೆ ಹೋದರೆ ಅರ್ಧ ಮರೆತಿರುತ್ತೇನೆ.

ಮನೆ ಹುಡುಕಲು ಹೊರಟು ಇದು ಮೂರನೇ ಭಾನುವಾರ. ಜನವರಿಗೆ ಈ ಮನೆಯ ಕರಾರು ಮುಗಿಯುತ್ತದೆ. ಬಿಡುವುದು ಹೇಗೂ ಬಿಡಬೇಕು, ಬಿಟ್ಟು ಪಕ್ಕದ ರಸ್ತೆಗೇ ಏಕೆ ಹೋಗಬೇಕು ಎಂಬ ಮಾತು ದೀಪಾವಳಿಗೂ ಮೊದಲೇ ನಮ್ಮಿಬ್ಬರ ನಡುವೆ ಎದ್ದಿತ್ತು. ನನಗೆ ವಾರಕ್ಕೆ ನಾಲ್ಕು ದಿನ ಯಶವಂತಪುರದಲ್ಲಿ ಕೆಲಸ, ಇವರಿಗೆ ಎರಡು ದಿನ ಪೀಣ್ಯದಲ್ಲಿ. ಹಾಗಾಗಿ ಬೆಂಗಳೂರನ್ನು ಪೂರ್ತಿ ಬಿಡುವಂತಿಲ್ಲ. ಆದರೆ ಹೋದ ವರ್ಷದ ಡೈರಿ ತೆಗೆದು ಎಣಿಸಿದಾಗ ನಾವು ಬೆಟ್ಟ ಹತ್ತಿದ್ದು ಬರೀ ನಾಲ್ಕು ಸಲ! ಎಣಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಮಧುಗಿರಿಯವಳು. ಏಕಶಿಲಾ ಬೆಟ್ಟ ನಮಗೆ ಪ್ರವಾಸಿ ತಾಣ ಆಗಿರಲಿಲ್ಲ, ಸಂಜೆಯ ಕೆಲಸ ಆಗಿತ್ತು. ಅಪ್ಪ ಅಂಗಡಿಯಿಂದ ಬಂದು ಕಾಫಿ ಕುಡಿದು ಚಪ್ಪಲಿ ಮೆಟ್ಟಿದರೆ ನಾನೂ ತಮ್ಮನೂ ಹಿಂದೆ. ತುದಿಯವರೆಗೆ ಹೋಗುತ್ತಿದ್ದದ್ದು ವರ್ಷಕ್ಕೆ ಒಂದೋ ಎರಡೋ ಸಲ. ಉಳಿದ ದಿನ ಕೋಟೆಬಾಗಿಲು ದಾಟಿ ಒಂದಿಷ್ಟು ದೂರ ಹತ್ತಿ, ಬಿಸಿ ಇನ್ನೂ ಆರದ ಬಂಡೆಯ ಮೇಲೆ ಕೂತು, ಕತ್ತಲಾಗುವ ಮೊದಲು ಇಳಿಯುವುದು. ನಾಳೆ ಪರೀಕ್ಷೆ ಇದ್ದರೂ ಹೋಗುತ್ತಿದ್ದೆವು. ಅದಕ್ಕೆ ತಯಾರಿ ಬೇಕಿರಲಿಲ್ಲ. ಈಗ ನೋಡಿದರೆ ಬೆಟ್ಟಕ್ಕೆ ಹೋಗಲು ಶನಿವಾರ ಪೆಟ್ರೋಲ್ ಹಾಕಿಸಬೇಕು, ಮೂರು ಗಂಟೆಗೆ ಅಲಾರಂ ಇಡಬೇಕು, ಕತ್ತಲಲ್ಲಿ ನಂದಿಯ ಬುಡದಲ್ಲಿ ವಾಹನಗಳ ಸಾಲಿನಲ್ಲಿ ನಿಲ್ಲಬೇಕು. ಮಗಳಿಗೆ ಈಗ ಎಂಟು. ಅವಳ ಪಾಲಿಗೆ ಬೆಟ್ಟ ಅಂದರೆ ಕಾರಿನಲ್ಲಿ ವಾಂತಿ ಬರುವ ದಿನ. ಅದು ನನಗೆ ಸಹಿಸಲಾಗದ ಮಾತು.

ಹಾಗಾಗಿ ನನ್ನದು ಒಂದೇ ಪಟ್ಟು: ಬೆಟ್ಟ ಬುಧವಾರ ಸಿಗಬೇಕು. ಭಾನುವಾರಕ್ಕೆ ಎಲ್ಲ ಬೆಟ್ಟಗಳೂ ಹತ್ತಿರವೇ.

ಮೊದಲ ಭಾನುವಾರ ಕೋಲಾರಕ್ಕೆ ಹೋಗಿದ್ದೆವು. ಅಂತರಗಂಗೆ ಊರಿಗೆ ಅಂಟಿಕೊಂಡೇ ಇದೆ. ಮೆಟ್ಟಿಲು ಹತ್ತಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ಕುಡಿದು, ಶತಶೃಂಗದ ಬಂಡೆಗಳ ಸಂದಿನಲ್ಲಿ ನುಸುಳಿ ಬಂದರೆ ಒಂದು ಬೆಳಗ್ಗೆ ಸಾರ್ಥಕ. ಬೆಟ್ಟದ ಲೆಕ್ಕದಲ್ಲಿ ಕೋಲಾರಕ್ಕೆ ನೂರಕ್ಕೆ ನೂರು. ರೈಲಿನ ಲೆಕ್ಕದಲ್ಲಿ ಆಗುವುದಿಲ್ಲ. ಕೋಲಾರದಿಂದ ಬೆಂಗಳೂರಿಗೆ ನೇರ ಹಳಿ ಇಲ್ಲ. ಒಂದೋ ಬಂಗಾರಪೇಟೆ ಸುತ್ತಬೇಕು, ಇಲ್ಲವೇ ಚಿಂತಾಮಣಿ, ಚಿಕ್ಕಬಳ್ಳಾಪುರ ಸುತ್ತಬೇಕು. ಬಸ್ಸಿನಲ್ಲಿ ಬಂದರೂ ಊರಿನ ಪೂರ್ವದ ತುದಿಗೆ ಬಂದು ಇಳಿಯುತ್ತೇವೆ, ನಮ್ಮಿಬ್ಬರ ಕೆಲಸ ಇರುವುದು ವಾಯವ್ಯಕ್ಕೆ.

ಚಿಕ್ಕಬಳ್ಳಾಪುರ ಇವರ ಆಸೆ. ನಂದಿ 1,478 ಮೀಟರ್, ಎದುರಿಗೆ ಸ್ಕಂದಗಿರಿ, ಆ ಬೆಟ್ಟಸಾಲಿನಲ್ಲಿ ಹುಟ್ಟುವ ಅರ್ಕಾವತಿ, ಪಾಲಾರ್, ಚಿತ್ರಾವತಿ, ಉತ್ತರ ದಕ್ಷಿಣ ಪಿನಾಕಿನಿಗಳು ಎಂದು ಮಗಳಿಗೆ ಪಾಠದಂತೆ ಹೇಳಿಕೊಡುತ್ತಾರೆ. ನಿಜ, ಅಷ್ಟು ಚೆಂದದ ಬೆಟ್ಟಸಾಲು ಈ ಸುತ್ತಿನಲ್ಲಿ ಬೇರೆ ಇಲ್ಲ. ಆದರೆ ಸ್ಕಂದಗಿರಿಗೆ ಮೊದಲೇ ಆನ್‌ಲೈನಿನಲ್ಲಿ ಟಿಕೆಟ್ ಕಾದಿರಿಸಬೇಕು. ಬೆಂಗಳೂರಿಗೆ ರೈಲುಗಳೂ ಕಡಿಮೆ. ಎರಡನೇ ಭಾನುವಾರ ವಾಪಸಂದ್ರದ ಕಡೆ ಎರಡು ಮನೆ ನೋಡಿ ಸುಮ್ಮನೆ ಬಂದೆವು. ಇವರು ದಾರಿಯುದ್ದಕ್ಕೂ ಮಾತಾಡಲಿಲ್ಲ, ನನಗೂ ಪಾಪ ಅನ್ನಿಸಿತು.

ಇವತ್ತು ತುಮಕೂರು.

ನಾಲ್ಕೂ ಮುಕ್ಕಾಲಿಗೆ ಹೊರಟೆವು. ಹುಣ್ಣಿಮೆ ಕಳೆದು ಎರಡು ದಿನ, ನೆಲಮಂಗಲ ದಾಟಿದ ಮೇಲೆ ಚಂದ್ರ ಹೆದ್ದಾರಿಯ ಎಡಕ್ಕೆ ಇಳಿಯುತ್ತಾ ನಮ್ಮ ಜೊತೆಗೇ ಬಂದ. ಆರಕ್ಕೆ ಕ್ಯಾತ್ಸಂದ್ರದಲ್ಲಿ ಬಲಕ್ಕೆ ತಿರುಗಿ ಸಿದ್ಧಗಂಗಾ ಮಠದ ಮುಂದೆ ಕಾರು ನಿಲ್ಲಿಸಿದೆವು. 2019ರ ಜನವರಿಯಲ್ಲಿ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದ ಮೇಲೆ ನಾನು ಅಲ್ಲಿಗೆ ಬಂದಿದ್ದು ಇದು ಎರಡನೇ ಸಲ. ಗದ್ದುಗೆಗೆ ಕೈಮುಗಿದು ಬೆಟ್ಟದ ಮೆಟ್ಟಿಲು ಹಿಡಿದೆವು.

ಇದು ದೊಡ್ಡ ಬೆಟ್ಟವೇನಲ್ಲ. ಮಧುಗಿರಿಯಲ್ಲಿ ಬೆಳೆದವರು ಇದನ್ನು ದಿಬ್ಬ ಅಂದಾರು. ಆದರೆ ಅಲ್ಲಿ ನಾನು ಕಂಡದ್ದು ಬೇರೆ. ನಸುಕಿನಲ್ಲಿ ಹತ್ತುತ್ತಿದ್ದವರು ಯಾರೂ ಪ್ರವಾಸಿಗರಲ್ಲ. ಸ್ವೆಟರ್ ಹಾಕಿಕೊಂಡ ನಿವೃತ್ತ ಮೇಷ್ಟ್ರುಗಳು, ಪೊಲೀಸ್ ಪರೀಕ್ಷೆಗೆ ತಯಾರಾಗುತ್ತಾ ಮೆಟ್ಟಿಲು ಓಡಿ ಹತ್ತುವ ಹುಡುಗರು, ಬರಿಗಾಲಿನಲ್ಲಿ ಹೂವಿನ ಬುಟ್ಟಿ ಹಿಡಿದ ಹೆಂಗಸರು. ಅರ್ಧ ದಾರಿಯಲ್ಲಿ ಬಂಡೆಗೆ ಒರಗಿ ಕೂತಿದ್ದ ಅಜ್ಜಿಯೊಬ್ಬರು ಮಗಳಿಗೆ ಕಲ್ಲುಸಕ್ಕರೆ ಕೊಟ್ಟರು.

“ದಿನಾ ಬರ್ತೀರಾ ಅಜ್ಜಿ?”

“ದಿನಾ ಬತ್ತೀನಿ ಕಣವ್ವ. ಮಳೆ ಬಂದ್ರೆ ಮಾತ್ರ ಇಲ್ಲ, ಕಲ್ಲು ಜಾರ್ತದೆ.”

ಬಂಡೆಯ ಒಡಲಿನ ಒರತೆಯಿಂದಲೇ ಈ ಊರಿಗೆ ಸಿದ್ಧಗಂಗೆ ಎಂಬ ಹೆಸರು. ಆ ನೀರು ತಲೆಗೆ ಚಿಮುಕಿಸಿಕೊಂಡು ಮೇಲೆ ಹೋಗುವ ಹೊತ್ತಿಗೆ ಬೆಳಕು ಹರಿದಿತ್ತು. ಈಶಾನ್ಯಕ್ಕೆ ದೇವರಾಯನದುರ್ಗದ ಸಾಲು, ದಕ್ಷಿಣದಲ್ಲಿ ಮಂಜಿನ ಮೇಲೆ ತಲೆ ಎತ್ತಿದ ಶಿವಗಂಗೆ, ಕೆಳಗೆ ಹೆದ್ದಾರಿ, ಅದರಾಚೆ ರೈಲು ಹಳಿ. ಮಠದ ಅಂಗಳದಿಂದ ಹುಡುಗರ ದನಿ ಕೇಳುತ್ತಿತ್ತು. ಗಡಿಯಾರ ನೋಡಿಕೊಂಡೆ. ಮಗಳ ಕೈ ಹಿಡಿದು ಹತ್ತಿದ್ದು ಇಪ್ಪತ್ತೆರಡು ನಿಮಿಷ, ಇಳಿದದ್ದು ಹದಿನೈದು. ಎಂಟು ಗಂಟೆಯ ಆಸುಪಾಸಿನ ರೈಲಿಗೆ ಇದು ಸಾಧ್ಯ! ಇಳಿದವಳೇ ಮಗಳು “ನಾಳೆನೂ ಬರೋಣ್ವಾ?” ಅಂದಳು. ಅವಳ ಬಾಯಲ್ಲಿ ಬೆಟ್ಟದ ಬಗ್ಗೆ ಆ ಮಾತು ಮೊದಲನೆಯದು.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದೆವು. ಮೇಲೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಒಂದೇ ಸಾಕು ಅಂದಿದ್ದ ಇವರು ಮೂರು ತಿಂದರು.

ಬ್ರೋಕರ್ ಮೊದಲು ಕರೆದುಕೊಂಡು ಹೋದದ್ದು ಬೆಳಗುಂಬದ ಆಚೆ, ನಾಮದ ಚಿಲುಮೆಗೆ ಹೋಗುವ ದಿಕ್ಕಿನ ಹೊಸ ಬಡಾವಣೆಗೆ. ಹೊಸ ಮನೆ, ದೊಡ್ಡ ಬಾಲ್ಕನಿ, ಬಾಗಿಲು ತೆರೆದರೆ ಕಾಡು. ಬಾಡಿಗೆಯೂ ಕಡಿಮೆ. “ಮೇಡಂ, ಬೆಟ್ಟ ಬೇಕು ಅಂದ್ರಲ್ಲ, ಬೆಟ್ಟಾನೇ ಮನೆ ಮುಂದೆ ಐತೆ ನೋಡಿ” ಅಂದ. ಇವರ ಮುಖ ಅರಳಿತು. ನಾನು ಬಾಲ್ಕನಿಯಲ್ಲಿ ನಿಂತು ಸುಮಾರು ಹೊತ್ತು ನೋಡಿದೆ. ದೇವರಾಯನದುರ್ಗದ ಕಾಡಿನಲ್ಲಿ ಚಿರತೆ ಇದೆ, ಕರಡಿ ಇದೆ. ನಾವು ಸಾಲುಸಾಲಾಗಿ ಮನೆ ಕಟ್ಟಿಕೊಂಡು ಅದರ ಬಾಗಿಲಿಗೆ ಹೋದರೆ ನಮ್ಮ ಕಸ, ಕಸಕ್ಕೆ ಬೀದಿ ನಾಯಿ, ನಾಯಿಗೆ ಚಿರತೆ. ಆಮೇಲೆ ಬೋನು ಇಡಿ ಎಂದು ಅರಣ್ಯ ಇಲಾಖೆಗೆ ಅರ್ಜಿ ಕೊಡುವವರೂ ನಾವೇ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಒಂದು ಬೀಡಿ ತುಂಡು ಸಾಕು, ಗುಡ್ಡವೇ ಹತ್ತಿ ಉರಿಯುತ್ತದೆ. ನನಗೆ ಬೆಟ್ಟದ ಮೇಲೆ ಪ್ರೀತಿ ಇರುವುದರಿಂದಲೇ ಅದರ ಮಡಿಲಿಗೆ ಮನೆ ಬೇಡ ಅಂದೆ. ಕಾರಿನಲ್ಲಿ ಕೂತ ಮೇಲೆ ಇವರಿಗೆ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು “ನೀನು ಹೇಳೋದು ಸರಿ” ಅಂದರು. ಬಾಲ್ಕನಿ ಬಿಟ್ಟದ್ದಕ್ಕೆ ಅವರಿಗೆ ನೋವಾಗಿದೆ, ನನಗೆ ಗೊತ್ತು.

ಅಷ್ಟು ದೂರ ಬಂದವರು ನಾಮದ ಚಿಲುಮೆಗೂ ಹೋಗಿ ಬಂದೆವು. ರಾಮ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಬಿಟ್ಟು ಬಂಡೆಯಿಂದ ಚಿಮ್ಮಿಸಿದ ಒರತೆ ಎಂಬ ಕಥೆಯನ್ನು ಮಗಳು ಅಲ್ಲಿಯ ಜಿಂಕೆಗಳಿಗೇ ಹೇಳುತ್ತಿದ್ದಳು. ಹಕ್ಕಿತಜ್ಞ ಸಲೀಂ ಅಲಿ ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಇಲ್ಲಿ ತಂಗಿದ್ದರು. ಈ ಕಲ್ಲುಗುಡ್ಡಗಳ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ದಕ್ಷಿಣ ಭಾರತದ ಇಂಥ ಬಂಡೆಬೆಟ್ಟಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಇವತ್ತು ಕಾಣಲಿಲ್ಲ. ಶನಿವಾರಗಳಿಗೆ ಈ ಕಾಡು ಇದೆ, ಮೇಲೆ ದುರ್ಗ ಇದೆ, ಬಸದಿ ಬೆಟ್ಟ ಮತ್ತು ಮೈದಾಳ ಕೆರೆ ಇವೆ, ಇನ್ನೂ ಮುಂದೆ ಹೋದರೆ ಸಿದ್ಧರಬೆಟ್ಟ, ನಮ್ಮೂರು. ಎಲ್ಲ ಗಂಟೆಯ ದಾರಿಯೊಳಗೆ.

ಮಧ್ಯಾಹ್ನ ಎಸ್.ಎಸ್.ಪುರಂನ ಚಿಕ್ಕಮ್ಮನ ಮನೆಯಲ್ಲಿ ಊಟ. ಮುದ್ದೆ, ಹೊಸ ಅವರೆಕಾಳಿನ ಸಾರು. ಚಿಕ್ಕಪ್ಪ ಇಪ್ಪತ್ತಾರು ವರ್ಷ ತುಮಕೂರಿನಿಂದ ಬೆಂಗಳೂರಿಗೆ ದಿನಾ ಓಡಾಡಿದವರು. ಸುಮಾರು 70 ಕಿ.ಮೀ. ಹೋಗುತ್ತಾ, ಅಷ್ಟೇ ಬರುತ್ತಾ. ಅವರ ಮಾತು ಕೇಳಲೆಂದೇ ಹೋಗಿದ್ದೆ.

“ಬಸ್ಸು ನಂಬ್ಕೊಂಡು ಮನೆ ಮಾಡಬೇಡ ಕಣಮ್ಮ,” ಅಂದರು. “2021ರ ಡಿಸೆಂಬರಲ್ಲಿ ಪೀಣ್ಯ ಮೇಲ್ಸೇತುವೆ ಮುಚ್ಚಿದ್ರಲ್ಲ, ದೊಡ್ಡ ಗಾಡಿಗಳನ್ನ ಮೇಲಕ್ಕೆ ಬಿಟ್ಟಿದ್ದು ಈ ಜುಲೈನಲ್ಲಿ. ಅಷ್ಟೂ ದಿನ ಬಸ್ಸಲ್ಲಿ ಹೋದೋರ ಪಾಡು ಕೇಳು. ಈಗ ಹತ್ತು ದಿನದಿಂದ ಮಾದಾವರದವರೆಗೆ ಮೆಟ್ರೊ ಬಂದಿದೆ. ರೈಲು ತಪ್ಪಿದ ದಿನ ಬಸ್ಸಲ್ಲಿ ಅಲ್ಲಿಗೆ ಹೋಗಿ ಮೆಟ್ರೊ ಹತ್ತಬಹುದು. ಆದರೆ ಬೇರು ರೈಲಲ್ಲಿರಲಿ.”

ರೈಲಿನ ಕಥೆ ಶುರುವಾದರೆ ಅವರಿಗೆ ಕಣ್ಣು ಹೊಳೆಯುತ್ತದೆ. ಒಂದೇ ಬೋಗಿ, ಒಂದೇ ಗುಂಪು. ಹಿರೇಹಳ್ಳಿ, ಡಾಬಸ್‌ಪೇಟೆ, ನಿಡವಂದದಲ್ಲಿ ಹತ್ತುವವರಿಗೂ ಜಾಗ ಹಿಡಿದಿಡುವುದು, ಹೆಂಗಸರು ಅವರೆಕಾಯಿ ಸುಲಿಯುವುದು, ಆಯುಧಪೂಜೆಗೆ ಬಾಳೆಕಂದು ಕಟ್ಟುವುದು, ರೈಲಿಗೇ ಹುಟ್ಟುಹಬ್ಬ ಮಾಡುವುದು. ಚಿಕ್ಕಮ್ಮ ಮಧ್ಯೆ ಬಾಯಿ ಹಾಕಿದಳು.

“ಅದೆಲ್ಲ ಚೆನ್ನಾಗಿ ಹೇಳ್ತಾರೆ. ಮಕ್ಕಳು ಏಳೋ ಮುಂಚೆ ಹೋಗಿ ಮಲಗಿದ ಮೇಲೆ ಬರ್ತಿದ್ದಿದ್ದನ್ನೂ ಹೇಳಿ. ನೋಡೇ, ನಿಂಗೆ ನಾಲ್ಕು ದಿನ ಅಂತೀಯ. ನಿನ್ನ ಮಗಳಿಗೆ ಶಾಲೆಯಿಂದ ಬಂದಾಗ ಬಾಗಿಲು ತೆಗೆಯೋರು ಯಾರು, ಅದನ್ನ ಮೊದಲು ಗೊತ್ತು ಮಾಡ್ಕೋ. ಬೆಟ್ಟ ಎಲ್ಲಿಗೂ ಹೋಗಲ್ಲ.”

ಈ ಪ್ರಶ್ನೆಗೆ ನಾನು ತಯಾರಿರಲಿಲ್ಲ. ಇವರು ಪೀಣ್ಯಕ್ಕೆ ಹೋಗುವುದು ಮಂಗಳವಾರ, ಶುಕ್ರವಾರ. ನಾನು ಶುಕ್ರವಾರ ಮನೆಯಲ್ಲೇ. ಹಾಗಾಗಿ ಖಾಲಿ ಬೀಳುವುದು ಮಂಗಳವಾರ ಒಂದೇ. ಚಿಕ್ಕಮ್ಮ ಒಂದು ಕ್ಷಣವೂ ಯೋಚಿಸದೆ “ಮಂಗಳವಾರ ನಮ್ಮನೆಗೆ ಬರಲಿ ಬಿಡು” ಅಂದಳು. ನನಗೆ ಗಂಟಲು ಕಟ್ಟಿತು.

ಊಟ ಆದ ಮೇಲೆ ಇನ್ನೆರಡು ಮನೆ. ಗಾಂಧಿನಗರದ್ದು ಸ್ಟೇಷನ್ನಿಗೆ ನಡೆದೇ ಹೋಗಬಹುದಾದಷ್ಟು ಹತ್ತಿರ, ಅದಕ್ಕೇ ಬಾಡಿಗೆ ಜಾಸ್ತಿ. ಕ್ಯಾತ್ಸಂದ್ರದ್ದು ಮಹಡಿ ಮನೆ. ಎರಡು ರೂಮು, ಕೆಂಪು ನೆಲ, ಹಿಂದೆ ತೆಂಗಿನಮರ. ಕೆಳಗಿರುವ ಯಜಮಾನರು ಎಪ್ಪತ್ತು ದಾಟಿದವರು, ನಿಧಾನವಾಗಿ ಮಾತಾಡುತ್ತಾರೆ. ನೀರಿನ ವಿಷಯ ಕೇಳಿದೆ. ಗೊರೂರಿನ ಹೇಮಾವತಿ ನೀರು ನಾಲೆಯಲ್ಲಿ ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ಊರಿಗೆ ಬರುತ್ತದೆ. ನಾಲೆ ಒಣಗಿದ ವರ್ಷ ಏನು ಗತಿ ಎಂದು ಬಿಡದೆ ಕೇಳಿದೆ. “ಏಪ್ರಿಲ್, ಮೇ ಕಷ್ಟ ಅಮ್ಮಾ. ಸಂಪು ದೊಡ್ಡದಿದೆ, ಬೋರಲ್ಲಿ ಬೆಳಗ್ಗೆ ಒಂದು ಗಂಟೆ ಬರುತ್ತೆ. ಇಲ್ಲದ್ದನ್ನ ಇದೆ ಅನ್ನಲ್ಲ ನಾನು” ಅಂದರು. ಈ ಮೂರು ವಾರದಲ್ಲಿ ನೀರಿನ ಬಗ್ಗೆ ನಿಜ ಹೇಳಿದ ಮೊದಲ ಓನರ್.

ಈ ಮನೆಯಲ್ಲಿ ತೊಡಕು ಒಂದಿದೆ. ಕ್ಯಾತ್ಸಂದ್ರದಲ್ಲಿ ಸ್ಟೇಷನ್ ಇದ್ದರೂ ಪ್ಯಾಸೆಂಜರ್ ಗಾಡಿಗಳು ಮಾತ್ರ ನಿಲ್ಲುತ್ತವೆ. ವೇಗದ ರೈಲು ಬೇಕಾದರೆ ಸ್ಕೂಟರಿನಲ್ಲಿ ಐದಾರು ಕಿ.ಮೀ. ತುಮಕೂರು ಸ್ಟೇಷನ್ನಿಗೇ ಹೋಗಬೇಕು. ಇವರು ಗಾಂಧಿನಗರದ ಕಡೆ ವಾಲಿದ್ದಾರೆ: ಬೆಟ್ಟಕ್ಕೆ ಸ್ಕೂಟರಿನಲ್ಲಿ ಹೋಗು, ರೈಲಿಗೆ ನಡೆದು ಹೋಗು ಎಂಬ ವಾದ. ನನ್ನ ವಾದ ತಿರುಗುಮುರುಗು. ರೈಲಿಗೆ ಹೇಗಾದರೂ ಹೋಗಿಯೇ ತೀರುತ್ತೇನೆ, ತಪ್ಪಿದರೆ ಸಂಬಳ ಕಡಿತ. ಬೆಟ್ಟಕ್ಕೆ ಆ ಒತ್ತಾಯ ಇಲ್ಲ. ಸ್ಕೂಟರಿನ ಕೀಲಿ ಹುಡುಕಬೇಕು ಅಂದರೆ ಆ ದಿನ ಬೆಟ್ಟ ತಪ್ಪಿತು ಅಂತಲೇ ಅರ್ಥ. ನಡೆದು ಹೋಗುವಷ್ಟು ಹತ್ತಿರ ಇರಬೇಕಾದದ್ದು ಬೆಟ್ಟವೇ.

ಆ ಕೀಲಿಯ ಮಾತು ಅವರಿಗೆ ನಾಟಿತು ಅಂತ ಕಾಣುತ್ತದೆ. ಈಗ ತಾನೇ ಹಾಳೆ ಹಿಡಿದು ಒಳಗೆ ಬಂದು, “ಅಡ್ವಾನ್ಸ್ ಕೊಡೋ ಮುಂಚೆ ಒಂದು ಸಲ ನಿಜವಾಗಿ ಮಾಡಿ ನೋಡು” ಅಂದರು. ಮಂಗಳವಾರ ಆಫೀಸು ಮುಗಿಸಿ ಯಶವಂತಪುರದಿಂದ ನೇರ ರೈಲಿಗೆ ತುಮಕೂರಿಗೆ ಹೋಗಿ ಚಿಕ್ಕಮ್ಮನ ಮನೆಯಲ್ಲಿ ಮಲಗುತ್ತೇನೆ. ಬುಧವಾರ ಐದೂವರೆಗೆ ಚಿಕ್ಕಪ್ಪ ಸ್ಕೂಟರಿನಲ್ಲಿ ಕ್ಯಾತ್ಸಂದ್ರದ ಆ ಮನೆಯ ಗೇಟಿನ ಮುಂದೆ ಬಿಡುತ್ತಾರಂತೆ. ಅಲ್ಲಿಂದ ನಡೆದು ಬೆಟ್ಟ, ಬೆಟ್ಟದಿಂದ ಚಿಕ್ಕಮ್ಮನ ಮನೆಗೆ ಬಂದು ಸ್ನಾನ, ಆಮೇಲೆ ಸ್ಟೇಷನ್ನು, ಒಂಬತ್ತೂವರೆಗೆ ಆಫೀಸಿನ ಕುರ್ಚಿ. ಎಲ್ಲಿ ಎಷ್ಟು ನಿಮಿಷ ಹಿಡಿಯಿತು ಎಂದು ಬರೆದುಕೊಳ್ಳಲು ಸಣ್ಣ ಪುಸ್ತಕ ಎತ್ತಿಟ್ಟಿದ್ದೇನೆ. ಆಫೀಸಿಗೆ ಉಡುವ ಸೀರೆ ಮಡಚಿ ಚೀಲಕ್ಕೆ ಹಾಕಿದೆ. ಶೂಗಳಿಗೆ ಅಂಟಿರುವ ಇವತ್ತಿನ ಮಣ್ಣು ಇನ್ನೂ ಒರೆಸಿಲ್ಲ.