ಶೂ ಡಬ್ಬದಲ್ಲಿ ಹನ್ನೊಂದನೇ ಕಾರ್ಡು: ನಿಕ್ಕರ್

ಹಳೇ ಶೂ ಡಬ್ಬದಲ್ಲಿ ಈಗ ಹನ್ನೊಂದು ಕಾರ್ಡುಗಳಾದವು. ಒಳಉಡುಪಿನ ಒಂದೊಂದು ಇಂಗ್ಲಿಷ್ ಹೆಸರಿಗೂ ಒಂದು ಕಾರ್ಡು. ಪದ ಎಲ್ಲಿ ಹುಟ್ಟಿತು, ಮೊದಲು ಯಾರ ಮೈಮೇಲಿತ್ತು, ಇಷ್ಟೇ. ನೆಂಟರು ಬಂದರೆ ಡಬ್ಬ ಮಂಚದ ಕೆಳಗೆ ಹೋಗುತ್ತದೆ, ಅದು ಬೇರೆ ಮಾತು.

ಈ ವಾರ ಪೂರ್ತಿ ನಿಕ್ಕರ್ ಹಿಂದೆ ಬಿದ್ದಿದ್ದೆ. 1809ರಲ್ಲಿ ನ್ಯೂಯಾರ್ಕಿನ ಪತ್ರಿಕೆಯಲ್ಲಿ 'ಕಾಣೆಯಾಗಿದ್ದಾರೆ' ಅಂತ ಒಂದು ಪ್ರಕಟಣೆ ಬಂತು. ಹಳೇ ಕರಿ ಕೋಟು ಹಾಕಿದ ಗಿಡ್ಡ ಮುದುಕ, ಹೆಸರು ನಿಕ್ಕರ್‌ಬಾಕರ್, ಇಳಿದುಕೊಂಡಿದ್ದ ಜಾಗ ಬಿಟ್ಟು ಹೋದವರು ಮರಳಿಲ್ಲ. ಅಂಥ ಮುದುಕನೇ ಇರಲಿಲ್ಲ! ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ ಆ ಹೆಸರಿನಲ್ಲಿ ಬರೆದ ನ್ಯೂಯಾರ್ಕ್ ಚರಿತ್ರೆಯನ್ನು ಮಾರಲು ಹೂಡಿದ ಆಟ ಅದು. ಮುಂದೆ ಇಂಗ್ಲಿಷ್ ಚಿತ್ರಕಾರ ಜಾರ್ಜ್ ಕ್ರೂಕ್‌ಶಾಂಕ್ ಆ ಪುಸ್ತಕಕ್ಕೆ ಚಿತ್ರ ಬರೆದು, ನ್ಯೂಯಾರ್ಕಿನಲ್ಲಿ ಮೊದಲು ನೆಲೆಸಿದ್ದ ಹಳೇ ಡಚ್ಚರಿಗೆ ಮೊಣಕಾಲ ತನಕ ದೊಗಲೆ ಚಲ್ಲಣ ತೊಡಿಸಿದ. ಚಲ್ಲಣಕ್ಕೇ ಹೆಸರು ಅಂಟಿಕೊಂಡಿತು. 19ನೇ ಶತಮಾನ ಮುಗಿಯುವಷ್ಟರಲ್ಲಿ ಇಂಗ್ಲೆಂಡಿನಲ್ಲಿ ಅದರ ಬಾಲ ತುಂಡಾಗಿ, ನಿಕ್ಕರ್ಸ್ ಅಂತ ಹೆಂಗಸರ ಲಂಗದೊಳಗೆ ಸೇರಿತು. ನಮ್ಮಲ್ಲಿ ಅದೇ ಹೆಸರು ಜೇಬಿನ ತುಂಬ ಗೋಲಿ ತುಂಬಿಕೊಂಡು, ಬೆಲ್ಟ್ ಸಮೇತ ಆಚೆ ಓಡಾಡುತ್ತದೆ.

ಬ್ರಾ ಕಾರ್ಡಿನಲ್ಲಿ ಎಡವಿದೆ. ಒಟ್ಟೋ ಟಿಟ್ಸ್‌ಲಿಂಗ್ ಎಂಬ ಜರ್ಮನ್ ಕಂಡುಹಿಡಿದ ಅಂತ ಪೆನ್ನಿನಲ್ಲೇ ಬರೆದುಬಿಟ್ಟಿದ್ದೆ. ಮೊನ್ನೆ ನೋಡಿದರೆ ಅವನು 1971ರ ಒಂದು ತಮಾಷೆ ಪುಸ್ತಕದ ಪಾತ್ರ. ಕಾರ್ಡು ಹರಿದು ಹೊಸದು ಬರೆದೆ: ಬ್ರಾ ಅನ್ನೋದು ಬ್ರಾಸಿಯರ್‌ನ ತುಂಡು, ಫ್ರೆಂಚಿನಲ್ಲಿ 'ಬ್ರಾ' ಅಂದರೆ ತೋಳು. ಎದೆಗೂ ಅದಕ್ಕೂ ಸಂಬಂಧವಿಲ್ಲ. ಫ್ರೆಂಚರೇ ಆ ಉಡುಪಿಗೆ ಬೇರೆ ಹೆಸರಿಟ್ಟುಕೊಂಡಿದ್ದಾರೆ.

ಆಮೇಲೆ ಒಬ್ಬನೇ ನಕ್ಕೆ. ಇಲ್ಲದ ಜರ್ಮನ್ನನ ಕಾರ್ಡು ಹರಿದ ನಾನೇ ಇಲ್ಲದ ಮುದುಕನ ಕಾರ್ಡನ್ನು ಜೋಪಾನವಾಗಿ ಇಟ್ಟಿದ್ದೇನೆ, ಅಲ್ವಾ?

ಬನಿಯನ್ ಸುಲಭವಾಗಿ ಮುಗಿಯಿತು. ಗುಜರಾತಿನ ವ್ಯಾಪಾರಿ 'ವಾಣಿಯೊ' ಪೋರ್ಚುಗೀಸರ ಬಾಯಿ ಹೊಕ್ಕು ಬನಿಯನ್ ಆದ. 18ನೇ ಶತಮಾನದ ಇಂಗ್ಲಿಷ್ ಶ್ರೀಮಂತರು ಮನೆಯಲ್ಲಿ ತೊಡುತ್ತಿದ್ದ ಸಡಿಲ ನಿಲುವಂಗಿಗೂ ಅದೇ ಹೆಸರು. ಅದನ್ನು ತೊಟ್ಟು ಠೀವಿಯಿಂದ ಚಿತ್ರ ಬರೆಸಿಕೊಂಡವರೂ ಇದ್ದರು. ಈಗ ನಾವು ಅಂಗಿಯೊಳಗೆ ಹಾಕಿಕೊಳ್ಳುತ್ತೇವೆ.

ಪೆಟಿಕೋಟ್ ಅರ್ಧಕ್ಕೆ ನಿಂತಿದೆ. ಹೆಸರಿನ ಅರ್ಥ ಪುಟ್ಟ ಕೋಟು ಅಂತ, ಮೊದಲು ಗಂಡಸರು ಮೇಲಂಗಿಯ ಕೆಳಗೆ ತೊಡುತ್ತಿದ್ದರು. ಅಮ್ಮನಿಗೆ ಹೇಳಿದೆ. ಒಗೆದ ಬಟ್ಟೆ ಮಡಚುತ್ತಿದ್ದವಳು ತನ್ನ ಪೆಟಿಕೋಟನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಸುಮ್ನೆ ಏನೇನೋ ಹೇಳ್ಬೇಡ" ಅಂದಳು.