ಹುರಿಹಿಟ್ಟಿನ ಕುಕೀಸ್: ಹಾಲಿಲ್ಲ, ತುಪ್ಪವಿಲ್ಲ, ಓವನ್ನೂ ಬೇಡ

ತುಮಕೂರಿನ ನಮ್ಮ ಮನೆಯಲ್ಲಿ ಓವನ್ ಇಲ್ಲ. ಎರಡು ಬರ್ನರಿನ ಗ್ಯಾಸ್ ಒಲೆ, ಅತ್ತೆಯ ಕಾಲದ ಕಬ್ಬಿಣದ ಬಾಣಲೆ, ಒಂದು ಮಿಕ್ಸಿ, ಇಷ್ಟರಲ್ಲೇ ನಮ್ಮ ಅಡುಗೆ ನಡೆಯುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು ಎರಡು ವರ್ಷಗಳ ಹಿಂದೆ ಹಾಲು, ಮೊಸರು, ತುಪ್ಪ, ಜೇನುತುಪ್ಪಗಳನ್ನೆಲ್ಲ ಬಿಟ್ಟು ವೀಗನ್ ಆದಳು. ಶನಿವಾರ ಬಂದು ಭಾನುವಾರ ಸಂಜೆಯ ರೈಲಿಗೆ ಹೊರಡುವ ಅವಳ ಕೈಗೆ ಏನು ಕಟ್ಟಿಕೊಡುವುದು ಎಂಬ ಚಿಂತೆ ಆಗ ಶುರುವಾಯಿತು. ಅಂಗಡಿಯ ಬಿಸ್ಕತ್ತಿನ ಮೇಲೆ ಹಸಿರು ಚುಕ್ಕೆಯೇನೋ ಇರುತ್ತದೆ. ಆದರೆ ಆ ಚುಕ್ಕೆಯ ಅರ್ಥ ಮಾಂಸ, ಮೊಟ್ಟೆ ಇಲ್ಲವೆಂದೇ ಹೊರತು ಹಾಲಿಲ್ಲವೆಂದಲ್ಲ. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ ಹಾಲಿನ ಪುಡಿಯೋ ಬೆಣ್ಣೆಯೋ ಸಿಕ್ಕೇ ಸಿಗುತ್ತದೆ. ವೀಗನ್ ತಿನಿಸುಗಳಿಗೆಂದೇ 2022ರ ನಿಯಮದಲ್ಲಿ ಬೇರೆ ಗುರುತು ಬಂದಿದೆ, ಹಸಿರು ಬಣ್ಣದ ವಿ ಅಕ್ಷರ, ಅದರ ಮೇಲೊಂದು ಎಲೆ. ನಮ್ಮ ಬೀದಿಯ ಅಂಗಡಿಗಳಲ್ಲಿ ಅದನ್ನು ನಾನು ಕಂಡದ್ದು ಬಹಳ ಕಡಿಮೆ. ಹಾಗಾಗಿ ಮನೆಯಲ್ಲೇ ಮಾಡಲು ಕುಳಿತೆ.

ಮೊದಲಿಗೆ, ಎಲ್ಲರೂ ಹೇಳುವಂತೆ ಓಟ್ಸ್, ಖರ್ಜೂರ, ಬಾದಾಮಿ ಬೆಣ್ಣೆ, ಕೊಬ್ಬರಿ ಎಣ್ಣೆ ತಂದು ಕಲಸಿ ಫ್ರಿಜ್ಜಿನಲ್ಲಿಟ್ಟೆ. ಹೊರತೆಗೆದ ಗಳಿಗೆಯಲ್ಲಿ ಅಚ್ಚು ಹಾಕಿದಂತೆ ಚೆನ್ನಾಗಿಯೇ ಇದ್ದವು. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ, ನಮ್ಮ ಊರಿನಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ 35 ಡಿಗ್ರಿ ದಾಟುತ್ತದೆ. ರೈಲು ಕ್ಯಾತ್ಸಂದ್ರವನ್ನೂ ದಾಟುವ ಮೊದಲೇ ಡಬ್ಬಿಯೊಳಗಿನದೆಲ್ಲ ಒಂದೇ ಮುದ್ದೆಯಾಗಿರಬೇಕು. ಮಗಳು ಹಾಸ್ಟೆಲ್ಲಿನಲ್ಲಿ ಅದನ್ನು ಚಮಚದಲ್ಲಿ ತೆಗೆದು ತಿಂದಳಂತೆ. ಇನ್ನೊಂದು ಸಲ ಹಸಿ ತೆಂಗಿನಕಾಯಿ ತುರಿ ಹಾಕಿದೆ, ಮರುದಿನವೇ ಹುಳಿ ವಾಸನೆ ಹಿಡಿಯಿತು. ಖರ್ಜೂರ ಹೆಚ್ಚಿಸಿದಾಗ ರುಚಿ ಬಂತು, ಆದರೆ ಹಲ್ಲಿಗೆ ಅಂಟುವ ಉಂಡೆಯಾಯಿತು, ಬಿಸ್ಕತ್ತು ಆಗಲಿಲ್ಲ.

ಮೂರು ಸಲ ಹೀಗಾದ ಮೇಲೆ ಬೇಕರಿಯ ಒಲೆ ನಿಜವಾಗಿ ಮಾಡುವ ಕೆಲಸ ಏನು ಎಂದು ಯೋಚಿಸಿದೆ. ಅದು ಎರಡು ಕೆಲಸ ಮಾಡುತ್ತದೆ. ಹಿಟ್ಟನ್ನು ಬೇಯಿಸುತ್ತದೆ, ಅದರೊಳಗಿನ ನೀರನ್ನು ಓಡಿಸಿ ಗರಿಗರಿ ಮಾಡುತ್ತದೆ. ಓವನ್ ಇಲ್ಲವೆಂದರೆ ಈ ಎರಡೂ ಕೆಲಸಗಳನ್ನು ಕಲಸುವುದಕ್ಕೆ ಮೊದಲೇ ಮುಗಿಸಿಕೊಂಡಿರಬೇಕು. ಹಿಟ್ಟು ಆಗಲೇ ಬೆಂದಿರಬೇಕು, ಹಾಕುವ ಪ್ರತಿಯೊಂದು ಪದಾರ್ಥವೂ ಆಗಲೇ ಒಣಗಿರಬೇಕು. ಇದು ಹೊಳೆದ ಮೇಲೆ ಓಟ್ಸ್ ಡಬ್ಬಿಯನ್ನು ಪಕ್ಕಕ್ಕಿಟ್ಟೆ, ಏಕೆಂದರೆ ಬೆಂದ ಹಿಟ್ಟು ನಮ್ಮ ಮನೆಯಲ್ಲಿ ಎಂದಿನಿಂದಲೂ ಇದೆ. ಅದೇ ರಾಗಿ ಹುರಿಹಿಟ್ಟು.

ಮುದ್ದೆ ಮಾಡುವ ರಾಗಿ ಹಿಟ್ಟನ್ನೇ ಬೆಲ್ಲದ ಜೊತೆ ಕಲಸಿದರಾಗದೇ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಆಗದು. ಯಾವ ಧಾನ್ಯದ ಹಸಿ ಹಿಟ್ಟಾದರೂ ಬೇಯಿಸದೆ ತಿನ್ನುವ ಪದಾರ್ಥವಲ್ಲ. ಅದರಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳಿರಬಹುದು, ಬೇಯದ ಪಿಷ್ಟ ಸರಿಯಾಗಿ ಜೀರ್ಣವೂ ಆಗುವುದಿಲ್ಲ, ಹಸಿ ವಾಸನೆಯಂತೂ ಎಷ್ಟು ಏಲಕ್ಕಿ ಹಾಕಿದರೂ ಹೋಗದು. ಹುರಿಹಿಟ್ಟಿನ ಮಾತೇ ಬೇರೆ. ರಾಗಿಯನ್ನು ತೊಳೆದು, ನೀರು ಬಸಿದು, ಬಟ್ಟೆಯಲ್ಲಿ ಮುಚ್ಚಿ ರಾತ್ರಿಯಿಡೀ ಬಿಟ್ಟರೆ ತೇವ ಕಾಳಿನ ಒಳಗಿನವರೆಗೂ ಸಮನಾಗಿ ಇಳಿಯುತ್ತದೆ. ಬೆಳಿಗ್ಗೆ ನೆರಳಿನಲ್ಲಿ ಮೇಲ್ಮೈ ಆರುವವರೆಗೆ ಹರಡಿ, ಚೆನ್ನಾಗಿ ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕಿ, ಬಟ್ಟೆಯ ಉಂಡೆಯಿಂದ ಒತ್ತಿ ಆಡಿಸುತ್ತಿರಬೇಕು. ಕಾಳಿನೊಳಗಿನ ತೇವ ಆವಿಯಾಗಿ, ಹೊರಗೆ ಬರಲು ದಾರಿಯಿಲ್ಲದೆ, ಪಟಪಟನೆ ಸಿಡಿದು ಕಾಳನ್ನು ಅರಳಿಸುತ್ತದೆ. ಕಂದು ಕಾಳು ಕ್ಷಣದಲ್ಲಿ ಪುಟ್ಟ ಬಿಳಿ ಹೂವಾಗುತ್ತದೆ. ಆ ಕ್ಷಣದಲ್ಲಿ ಅದು ಬೆಂದಿರುತ್ತದೆ, ಒಣಗಿಯೂ ಇರುತ್ತದೆ. ನಮಗೆ ಬೇಕಾದ ಎರಡೂ ಕೆಲಸಗಳು ಒಂದೇ ಏಟಿಗೆ ಆದವು. ಅರಳದೆ ಉಳಿದ ಕಾಳನ್ನು ಮೊರದಲ್ಲಿ ಕೇರಿ ತೆಗೆದು, ಒಂದು ಹಿಡಿಯಷ್ಟು ಅರಳನ್ನು ಇಡಿಯಾಗಿಯೇ ಎತ್ತಿಟ್ಟು, ಉಳಿದುದನ್ನು ಬೀಸಿಸುತ್ತೇನೆ.

ಇಲ್ಲೊಂದು ಎಚ್ಚರದ ಮಾತನ್ನು ಹೇಳಲೇಬೇಕು. ಮೊದಲ ಎರಡು ತಿಂಗಳು ನಾನು ಪರಿಚಯದ ಹೆಂಗಸೊಬ್ಬರು ಮಾಡಿ ಮಾರುವ ಹುರಿಹಿಟ್ಟನ್ನೇ ತರುತ್ತಿದ್ದೆ. ಬಹಳ ಶುದ್ಧವಾದ ಹಿಟ್ಟು, ನುಣುಪು, ಒಳ್ಳೆಯ ಘಮ. ಒಂದು ದಿನ ಇಷ್ಟು ಚೆನ್ನಾಗಿ ಅರಳಲು ಏನು ಮಾಡುತ್ತೀರಿ ಎಂದು ಕೇಳಿದಾಗ, ನೀರಿನ ಬದಲು ಮಜ್ಜಿಗೆ ಚಿಮುಕಿಸುತ್ತೇನೆ ಎಂದು ಅವರು ಸಹಜವಾಗಿ ಹೇಳಿದರು. ನಮ್ಮ ಕಡೆ ಅನೇಕ ಮನೆಗಳಲ್ಲಿ ಹಾಗೆಯೇ ಮಾಡುತ್ತಾರೆ, ಅವರ ತಪ್ಪೇನೂ ಇಲ್ಲ. ಕೇಳಬೇಕಾದವಳು ನಾನು, ಕೇಳಿರಲಿಲ್ಲ. ಮಗಳಿಗೆ ಫೋನು ಮಾಡಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನು ಮುಂದೆ ನೀರು ಹಾಕಿಯೇ ಮಾಡೋಣ ಎಂದಳು. ಅವಳದು ಮನಸ್ಸಿನಿಂದ ಮಾಡಿಕೊಂಡ ನಿಯಮ. ಆದರೆ ಹಾಲಿನ ಅಲರ್ಜಿ ಇರುವ ಮಗುವಿಗೆ ಈ ತಿಂಡಿ ಮಾಡುವವರಿಗೆ ಇದು ನಿಯಮದ ಪ್ರಶ್ನೆಯಲ್ಲ, ಅಪಾಯದ ಪ್ರಶ್ನೆ. ಮಜ್ಜಿಗೆಯಲ್ಲಿ ಹಾಲಿನ ಪ್ರೋಟೀನ್ ಇದ್ದೇ ಇರುತ್ತದೆ, ತುಪ್ಪದಲ್ಲಿಯೂ ಅಲ್ಪಸ್ವಲ್ಪ ಉಳಿದಿರಬಹುದು. ಆದ್ದರಿಂದ ಹುರಿಹಿಟ್ಟನ್ನು ಕೊಳ್ಳುವವರು ಯಾವುದರಿಂದ ನೆನೆಸಿದ್ದು ಎಂದು ಕೇಳಿಯೇ ಕೊಳ್ಳಬೇಕು.

ಈಗ ಅಳತೆ. ಹುರಿಹಿಟ್ಟು 200 ಗ್ರಾಂ, ಇಡಿ ರಾಗಿ ಅರಳು 50 ಗ್ರಾಂ, ಕಡಲೆಕಾಯಿ ಬೀಜ 200 ಗ್ರಾಂ, ಒಣ ಕೊಬ್ಬರಿ 75 ಗ್ರಾಂ, ಕರಿ ಎಳ್ಳು 25 ಗ್ರಾಂ, ಬೆಲ್ಲ 180 ಗ್ರಾಂ, ನಾಲ್ಕು ಏಲಕ್ಕಿ, ಅರ್ಧ ಚಮಚ ಒಣಶುಂಠಿ ಪುಡಿ, ಚಿಟಿಕೆ ಉಪ್ಪು, ಪಾಕಕ್ಕೆ ಕಾಲು ಲೋಟಕ್ಕಿಂತ ಹೆಚ್ಚಿಲ್ಲದಷ್ಟು ನೀರು. ಇದರಿಂದ 25 ಗ್ರಾಂ ತೂಕದ ಸುಮಾರು 30 ಕುಕೀಸ್ ಆಗುತ್ತವೆ. ಬೇರೆ ಎಣ್ಣೆ ಬೇಡ. ಕಡಲೆಕಾಯಿಯಲ್ಲಿ ಅರ್ಧದಷ್ಟು ಎಣ್ಣೆಯೇ ಇದೆ, ಕೊಬ್ಬರಿಯಲ್ಲಿ ಅದಕ್ಕಿಂತಲೂ ಹೆಚ್ಚು.

ಕೊಬ್ಬರಿಯ ವಿಷಯದಲ್ಲಿ ನಾವು ತುಮಕೂರು ಜಿಲ್ಲೆಯವರು ಪುಣ್ಯವಂತರು. ತಿಪಟೂರು ಸೀಮೆಯಲ್ಲಿ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಿಟುಕು ಒಳಗೆ ಗುಡುಗುಡು ಎನ್ನುತ್ತದೆ. ಹೀಗೆ ನಿಧಾನವಾಗಿ ಒಣಗಿದ ಉಂಡೆ ಕೊಬ್ಬರಿಯ ಸಿಹಿಯೇ ಬೇರೆ. ಕೊಳ್ಳುವಾಗ ಒಂದನ್ನು ಒಡೆಸಿ ಮೂಸಿ ನೋಡಿ. ಸ್ವಲ್ಪ ಕಮಟು ವಾಸನೆ ಇದ್ದರೂ ಬಿಟ್ಟುಬಿಡಿ, ಬಿಸಿ ಪಾಕ ಬಿದ್ದೊಡನೆ ಆ ವಾಸನೆ ಹತ್ತು ಪಾಲು ಎದ್ದು ಬರುತ್ತದೆ.

ಕಡಲೆಕಾಯಿಯನ್ನು ನಾನು ಬೀಜ ಬೀಜವಾಗಿ ಆರಿಸುತ್ತೇನೆ. ಸುಕ್ಕಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು ಯಾವುದೂ ಇರಕೂಡದು; ತೇವ ತಗುಲಿದ ಬೀಜದಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ, ಹುರಿದರೂ ಅದು ಪೂರ್ತಿ ನಾಶವಾಗುವುದಿಲ್ಲ. ಶಿರಾ, ಪಾವಗಡದ ಕಡೆಯ ಹೊಸ ಬೆಳೆ ಸಿಕ್ಕಿದರೆ ಅದನ್ನೇ ತರುತ್ತೇನೆ. ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಹುರಿದು, ಆರಿದ ಮೇಲೆ ಸಿಪ್ಪೆ ಉಜ್ಜಿ ಊದಿ, ಕಾಲು ಭಾಗವನ್ನು ತರಿತರಿಯಾಗಿ ಕುಟ್ಟಿಟ್ಟುಕೊಳ್ಳುತ್ತೇನೆ. ಉಳಿದ ಮುಕ್ಕಾಲು ಭಾಗ ಮಿಕ್ಸಿಗೆ.

ಮಿಕ್ಸಿಯ ಮುಂದೆ ತಾಳ್ಮೆ ಬೇಕು. ಮೊದಲ ನಿಮಿಷದಲ್ಲಿ ಒಣ ಪುಡಿಯಾಗುತ್ತದೆ. ಆಮೇಲೆ ಪುಡಿ ಜಾರಿನ ಗೋಡೆಗೆ ಅಂಟಿ ನಿಂತು, ಬ್ಲೇಡು ಖಾಲಿ ತಿರುಗುತ್ತದೆ. ನಾನು ಮೊದಮೊದಲು ಇಲ್ಲಿಯೇ ಹೆದರಿ ಎರಡು ಚಮಚ ನೀರು ಹಾಕಿಬಿಡುತ್ತಿದ್ದೆ, ನೀರು ಬಿದ್ದರೆ ಅದು ಚಟ್ನಿಯಾಗುತ್ತದೆ, ಎರಡೇ ದಿನಕ್ಕೆ ಕೆಡುತ್ತದೆ. ನಿಲ್ಲಿಸಿ, ಚಮಚದಿಂದ ಕೆರೆದು ಕೆಳಗೆ ತಂದು, ಮೋಟಾರು ಆರಲು ಎರಡು ನಿಮಿಷ ಬಿಟ್ಟು, ಮತ್ತೆ ತಿರುಗಿಸಬೇಕು. ನಾಲ್ಕನೆಯದೋ ಐದನೆಯದೋ ಸುತ್ತಿಗೆ ಜಾರು ಬೆಚ್ಚಗಾಗುತ್ತದೆ, ಮಣ್ಣಿನಂತಿದ್ದ ಪುಡಿಯ ಮೇಲೆ ಇದ್ದಕ್ಕಿದ್ದಂತೆ ಹೊಳಪು ಮೂಡುತ್ತದೆ, ಬ್ಲೇಡಿನ ಸದ್ದು ಗರಗರದಿಂದ ಮೆಲುದನಿಗೆ ಇಳಿಯುತ್ತದೆ. ಮುಚ್ಚಳ ತೆಗೆದರೆ ಬೆಣ್ಣೆಯಂತೆ ನಿಧಾನವಾಗಿ ಮಡಿಚಿಕೊಳ್ಳುವ ಮುದ್ದೆ. ಆ ಹೊಳಪನ್ನು ನೋಡುವುದೆಂದರೆ ನನಗೆ ಇಂದಿಗೂ ಸಂತೋಷ.

ಎಳ್ಳನ್ನು ಚಟಪಟ ಎನ್ನುವವರೆಗೆ, ತುರಿದ ಕೊಬ್ಬರಿಯನ್ನು ಬಣ್ಣ ತಿರುಗದಂತೆ ಬೆಚ್ಚಗೆ ಮಾತ್ರ ಹುರಿದು, ಹುರಿಹಿಟ್ಟು, ಅರಳು, ತರಿ ಬೀಜ, ಏಲಕ್ಕಿ, ಶುಂಠಿ, ಉಪ್ಪು ಎಲ್ಲವನ್ನೂ ಅಗಲವಾದ ಪಾತ್ರೆಯಲ್ಲಿ ಬೆರೆಸಿ, ಕಡಲೆಕಾಯಿ ಬೆಣ್ಣೆಯನ್ನು ಹಿಟ್ಟಿಗೆ ಕೈಯಿಂದ ಉಜ್ಜಿ ಸೇರಿಸಬೇಕು.

ಪಾಕದಲ್ಲಿ ನನಗೆ ದಾರಿ ತೋರಿಸಿದ್ದು ತಂಬಿಟ್ಟು. ಊರ ಹಬ್ಬದಲ್ಲಿ ಮಾರಮ್ಮನ ಆರತಿಗೆ ತಂಬಿಟ್ಟು ಕಟ್ಟಿದ ಕೈಗೆ ಬೆಲ್ಲದ ಹದ ಗೊತ್ತಿರುತ್ತದೆ. ಆದರೆ ತಂಬಿಟ್ಟಿನ ಹದವನ್ನೇ ಇಲ್ಲಿ ತಂದರೆ ಸಾಲದು. ಅದು ಮೆತ್ತಗೆ ಬಾಯಲ್ಲಿ ಕರಗಬೇಕಾದ ಸಿಹಿ, ಅದಕ್ಕೆ ಬೆಲ್ಲ ಕರಗಿ ಒಂದು ಕುದಿ ಬಂದರೂ ನಡೆಯುತ್ತದೆ. ಕುಕೀಸ್ ಮುರಿಯಬೇಕು. ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಮರಳು ಕಸ ಹೋಗುವಂತೆ ಸೋಸಿ, ಮತ್ತೆ ಒಲೆಗಿಟ್ಟು, ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟರೆ ಅದು ಹರಡದೆ ಬೆರಳಿಗೆ ಮೆತ್ತನೆಯ ಉಂಡೆಯಾಗಿ ಸಿಗುವವರೆಗೆ ಕುದಿಸಬೇಕು. ಒಂದೆಳೆ ಪಾಕದಲ್ಲಿ ಇಳಿಸಿದರೆ ಕುಕೀಸ್ ಬಾಗುತ್ತವೆ. ಕಲ್ಲಿನಂತೆ ಟಣ್ ಎನ್ನುವ ಚಿಕ್ಕಿ ಪಾಕಕ್ಕೆ ಹೋದರೆ ಕಲಸುವುದರೊಳಗೆ ಗಟ್ಟಿಯಾಗಿಬಿಡುತ್ತದೆ. ಇವೆರಡರ ನಡುವಿನ ಅವಧಿ ಹೆಚ್ಚೆಂದರೆ ಎರಡು ನಿಮಿಷ. ಆ ಹೊತ್ತಿನಲ್ಲಿ ಬಾಗಿಲು ಬಡಿದರೂ ನಾನು ಒಲೆಯ ಮುಂದಿನಿಂದ ಕದಲುವುದಿಲ್ಲ.

ಪಾಕವನ್ನು ಹಿಟ್ಟಿಗೆ ಸುರಿದು ಮರದ ಸೌಟಿನಿಂದ ಬೇಗ ಬೇಗ ಕಲಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ತಟ್ಟೆಗೆ ಹಾಕಿ, ಬಟ್ಟಲ ತಳದಿಂದ ಅರ್ಧ ಬೆರಳು ದಪ್ಪಕ್ಕೆ ಬಲವಾಗಿ ಒತ್ತಬೇಕು. ಸಡಿಲವಾಗಿ ಒತ್ತಿದ್ದು ಪುಡಿಯಾಗುತ್ತದೆ. ಸಣ್ಣ ಡಬ್ಬಿಯ ಮುಚ್ಚಳದಿಂದ ಗುಂಡಗೆ ಕತ್ತರಿಸಿ, ಅಂಚಿನ ಚೂರುಗಳನ್ನು ಮತ್ತೆ ಒತ್ತಿ ಕತ್ತರಿಸಿ, ಫ್ಯಾನಿನ ಕೆಳಗೆ ಎರಡು ಗಂಟೆ ಬಿಟ್ಟರೆ ಮುಗಿಯಿತು. ಕಚ್ಚಿದಾಗ ಬೇಕರಿ ಬಿಸ್ಕತ್ತಿನ ಗರಿಗರಿಯನ್ನು ನಿರೀಕ್ಷಿಸಬೇಡಿ. ಅಂಚು ಮುರಿಯುತ್ತದೆ, ಒಳಗೆ ಅರಳು ಮತ್ತು ಬೀಜದ ತರಿ ಕುರುಕುರು ಎನ್ನುತ್ತವೆ, ಆಮೇಲೆ ಹುರಿಹಿಟ್ಟು ನಿಧಾನವಾಗಿ ಕರಗುತ್ತದೆ.

ಇದು ಆರೋಗ್ಯಕ್ಕೆ ಒಳ್ಳೆಯದೇ ಎಂದರೆ, ಮೈದಾ, ವನಸ್ಪತಿ, ಸಕ್ಕರೆಯ ಬಿಸ್ಕತ್ತಿಗಿಂತ ಖಂಡಿತ ಒಳ್ಳೆಯದು ಎಂದು ಧೈರ್ಯವಾಗಿ ಹೇಳುತ್ತೇನೆ. ಆದರೆ ಬೆಲ್ಲವೂ ಬಹುಪಾಲು ಸಕ್ಕರೆಯೇ. ಒಂದು ಕುಕೀಯಲ್ಲಿ 6 ಗ್ರಾಂ ಬೆಲ್ಲವಿದೆ, ನನ್ನ ಲೆಕ್ಕದಲ್ಲಿ ಸುಮಾರು 110 ಕ್ಯಾಲೊರಿ. ಸಕ್ಕರೆ ಕಾಯಿಲೆ ಇರುವವರು ಬೆಲ್ಲವಲ್ಲವೇ ಎಂದು ನಾಲ್ಕು ತಿನ್ನಬಾರದು. ರಾಗಿಯ ಕ್ಯಾಲ್ಸಿಯಂ ಬಗ್ಗೆಯೂ ಉತ್ಸಾಹದಿಂದ ಹೆಚ್ಚು ಹೇಳುವವರಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಧಾನ್ಯಗಳಲ್ಲಿ ಅದು ದೊಡ್ಡ ಸಂಖ್ಯೆಯೇ. ಹಾಗಿದ್ದರೂ ಒಂದು ಕುಕೀಗೆ ರಾಗಿಯಿಂದ ಬರುವುದು 30 ಮಿಲಿಗ್ರಾಂ ಮಾತ್ರ, ಒಂದು ಲೋಟ ಹಾಲಿನಲ್ಲಿ 200ಕ್ಕೂ ಹೆಚ್ಚಿರುತ್ತದೆ. ಹಾಲು ಬಿಟ್ಟ ಮಗಳಿಗೆ ಕ್ಯಾಲ್ಸಿಯಂ ಸಿಗಬೇಕಾದದ್ದು ಮಧ್ಯಾಹ್ನದ ಮುದ್ದೆಯಿಂದ, ಸೊಪ್ಪಿನಿಂದ. ಕುಕೀಸ್ ಅದರ ಜೊತೆಗಿನದು. ಬಿ12 ಜೀವಸತ್ವವಂತೂ ರಾಗಿಯಲ್ಲೂ ಇಲ್ಲ, ಎಳ್ಳಿನಲ್ಲೂ ಇಲ್ಲ. ಅದಕ್ಕೆ ಅವಳು ವೈದ್ಯರು ಹೇಳಿದ ಮಾತ್ರೆ ತೆಗೆದುಕೊಳ್ಳುತ್ತಾಳೆ, ತೆಗೆದುಕೊಂಡಳೇ ಎಂದು ನಾನು ಪ್ರತಿ ವಾರವೂ ಕೇಳುತ್ತೇನೆ.

ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟರೆ ನಮ್ಮ ಹವೆಯಲ್ಲಿ ಹತ್ತು ಹನ್ನೆರಡು ದಿನ ಚೆನ್ನಾಗಿರುತ್ತವೆ. ಮಳೆಗಾಲದಲ್ಲಿ ಬೆಲ್ಲ ತೇವ ಎಳೆದುಕೊಳ್ಳುವುದರಿಂದ ಒಂದು ವಾರದೊಳಗೆ ಮುಗಿಸುವುದು ಲೇಸು. ಕಳೆದ ವಾರ ಗುಬ್ಬಿಯ ಸಂಬಂಧಿಕರು ರಾಗಿ ಹೊಲದ ಸಾಲಿನಲ್ಲಿ ಬೆಳೆದ ಹುಚ್ಚೆಳ್ಳು ಒಂದು ಸೇರು ಕೊಟ್ಟು ಹೋಗಿದ್ದಾರೆ. ಈ ಶನಿವಾರ ಕರಿ ಎಳ್ಳಿನ ಜಾಗದಲ್ಲಿ ಅದನ್ನು ಹುರಿದು ಹಾಕಬೇಕೆಂದು ಕೇರಿ ಇಟ್ಟಿದ್ದೇನೆ.